ಚಿಕನ್ ನೂಡಲ್ ಸೂಪ್: ನಾನು ಮಾಡುವ ರೀತಿ

ಚಿಕನ್ ನೂಡಲ್ ಸೂಪಿನ ರುಚಿ ನಿಂತಿರುವುದು ಸಾರಿನ ಮೇಲೆ. ಸಾರು ನೀರುನೀರಾಗಿದ್ದರೆ ಎಷ್ಟು ಮಾಂಸ ಹಾಕಿದರೂ ಸೂಪು ಸಪ್ಪೆಯೇ. ಹಾಗಾಗಿ ನಾನು ಇದಕ್ಕೆ ಕೊಡುವ ಹೊತ್ತಿನಲ್ಲಿ ಹೆಚ್ಚಿನ ಪಾಲು ಮೂಳೆಗೇ ಮೀಸಲು.

ಮೂಳೆ ತೆಗೆದ ಎದೆಮಾಂಸವನ್ನಷ್ಟೇ ಹಾಕಿ ಈ ಸೂಪು ಮಾಡುವುದನ್ನು ನಾನು ಒಪ್ಪುವುದಿಲ್ಲ. ಸುಮಾರು ಒಂದೂವರೆ ಕಿಲೋ ತೂಗುವ ಇಡೀ ಕೋಳಿ ತೆಗೆದುಕೊಳ್ಳುತ್ತೇನೆ. ಸಿಕ್ಕರೆ ಇನ್ನೊಂದಿಷ್ಟು ರೆಕ್ಕೆ, ಕತ್ತು, ಪಾದವನ್ನೂ ಸೇರಿಸುತ್ತೇನೆ. ಇವುಗಳಲ್ಲಿ ಮಾಂಸ ಕಡಿಮೆ. ಆದರೆ ಚರ್ಮ, ಕೀಲು, ಮೆದುಮೂಳೆ ಹೇರಳ. ಅಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ಬಿಸಿನೀರಿನಲ್ಲಿ ನಿಧಾನವಾಗಿ ಜೆಲಟಿನ್ ಎಂಬ ಅಂಟಾಗಿ ಸಾರಿಗೆ ಇಳಿಯುತ್ತದೆ. ಒಳ್ಳೆಯ ಸೂಪು ಕುಡಿದ ಮೇಲೆ ತುಟಿ ಕೊಂಚ ಅಂಟಿದಂತಾಗುವುದು ಇದರಿಂದಲೇ.

ಕೋಳಿ ಮುಳುಗುವಂತೆ ಮೂರು ಲೀಟರಿನಷ್ಟು ತಣ್ಣೀರು ಹಾಕಿ, ಮಧ್ಯಮ ಉರಿಯಲ್ಲಿ ಇಡುತ್ತೇನೆ. ಕುದಿ ಬರುವ ಹೊತ್ತಿಗೆ ಬೂದುಬಣ್ಣದ ನೊರೆ ಮೇಲೇಳುತ್ತದೆ. ಅದು ಮಾಂಸದಿಂದ ಹೊರಬಂದು ಗಟ್ಟಿಯಾದ ಪ್ರೋಟೀನು. ಸೌಟಿನಲ್ಲಿ ಅದನ್ನು ತಾಳ್ಮೆಯಿಂದ ತೆಗೆಯಬೇಕು. ನೊರೆ ಬಿಳಿಯಾಗುತ್ತಾ ಬಂದ ಮೇಲೆ ಉರಿಯನ್ನು ಪೂರ್ತಿ ತಗ್ಗಿಸುತ್ತೇನೆ. ಆಗ ಪಾತ್ರೆಯೊಳಗೆ ನೋಡಿದರೆ ಅಂಚಿನಲ್ಲಿ ಒಂದು ಗುಳ್ಳೆ ಏಳಬೇಕು, ಸ್ವಲ್ಪ ಬಿಟ್ಟು ಇನ್ನೊಂದೆಡೆ ಮತ್ತೊಂದು. ಅಷ್ಟೇ ಸಾಕು. ಕೊತಕೊತನೆ ಕುದಿಸಿದರೆ ಕೊಬ್ಬು ಸಣ್ಣ ಹನಿಗಳಾಗಿ ಒಡೆದು ಸಾರಿನಲ್ಲಿ ಬೆರೆತುಹೋಗುತ್ತದೆ. ಆಮೇಲೆ ಎಷ್ಟು ಸೋಸಿದರೂ ಸಾರು ತಿಳಿಯಾಗುವುದಿಲ್ಲ.

ಮುಕ್ಕಾಲು ಗಂಟೆ ಕಳೆಯುವ ಹೊತ್ತಿಗೆ ಮಾಂಸ ಬೆಂದಿರುತ್ತದೆ. ತೊಡೆಯ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಕೋಳಿ ತಿನ್ನಲು ಸುರಕ್ಷಿತ. ನಾನು ಕೋಳಿಯನ್ನು ಹೊರತೆಗೆದು, ಕೈಗೆ ತಾಳುವಷ್ಟು ಆರಿದ ಮೇಲೆ ಮಾಂಸವನ್ನು ಬಿಡಿಸಿ, ಒಂದು ಸೌಟು ಸಾರು ಸುರಿದು ಮುಚ್ಚಿಡುತ್ತೇನೆ. ಇಲ್ಲದಿದ್ದರೆ ಅದು ಒಣಗುತ್ತದೆ. ಉಳಿದ ಮೂಳೆ, ಚರ್ಮ ಮತ್ತೆ ಪಾತ್ರೆಗೆ. ಅದೇ ಸಣ್ಣ ಉರಿಯಲ್ಲಿ ಇನ್ನೂ ಎರಡು ಗಂಟೆ. ಮಾಂಸಕ್ಕೆ ಬೇಕಾದ ಹೊತ್ತೇ ಬೇರೆ, ಮೂಳೆಗೆ ಬೇಕಾದ ಹೊತ್ತೇ ಬೇರೆ. ಇದನ್ನು ಗಮನಿಸದೆ ಎಲ್ಲವನ್ನೂ ಒಟ್ಟಿಗೆ ಬೇಯಿಸುತ್ತಾ ಹೋದರೆ ಎದೆಮಾಂಸ ನಾರಾಗುತ್ತದೆ.

ಕೊನೆಯ ಒಂದು ಗಂಟೆಗೆ ಈರುಳ್ಳಿ, ಕ್ಯಾರೆಟ್, ಸೆಲರಿ ದಂಟು, ಒಂದು ಪಲಾವ್ ಎಲೆ, ಹತ್ತು ಕಾಳುಮೆಣಸು ಹಾಕುತ್ತೇನೆ. ಸೋಸುವಾಗ ಇವುಗಳ ಸಾರವೆಲ್ಲ ಸಾರಿಗೆ ಇಳಿದಿರುವುದರಿಂದ ಎಸೆಯಲು ಬೇಸರವಿಲ್ಲ. ಬಡಿಸುವ ಸೂಪಿಗೆ ಹೊಸದಾಗಿ ಹೆಚ್ಚಿದ ಕ್ಯಾರೆಟ್ ಮತ್ತು ಸೆಲರಿಯನ್ನು ಸೋಸಿದ ಸಾರಿನಲ್ಲಿ ಎಂಟು ಹತ್ತು ನಿಮಿಷ ಬೇಯಿಸಿದರೆ ಕಚ್ಚಿದಾಗ ಹದವಾಗಿರುತ್ತವೆ. ಉಪ್ಪು ಹಾಕುವುದೂ ಆಗಲೇ. ಮೊದಲೇ ಹಾಕಿದರೆ ಸಾರು ಬತ್ತಿದಂತೆಲ್ಲ ಉಪ್ಪು ಜೋರಾಗುತ್ತದೆ.

ನೂಡಲ್ಸ್ ವಿಷಯದಲ್ಲಿ ನನಗೆ ರಾಜಿಯಿಲ್ಲ: ಬೇರೆ ಪಾತ್ರೆ, ಬೇರೆ ನೀರು. ಸಾರಿನಲ್ಲೇ ಬೇಯಿಸಿದರೆ ಅದರ ಪಿಷ್ಟ ತಿಳಿಸಾರನ್ನು ಮಬ್ಬಾಗಿಸುತ್ತದೆ. ಪಾತ್ರೆಯಲ್ಲಿ ಉಳಿದ ನೂಡಲ್ಸ್ ಸಾರನ್ನು ಹೀರುತ್ತಲೇ ಹೋಗಿ ಊದಿಕೊಂಡು ಮುದ್ದೆಯಾಗುತ್ತದೆ. ಉಪ್ಪು ಹಾಕಿ ಕುದಿಯುವ ನೀರಿನಲ್ಲಿ ಬೇಯಿಸಿ, ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಒಂದು ನಿಮಿಷ ಮೊದಲೇ ಬಸಿಯುತ್ತೇನೆ. ಸಾರಿನ ಮೇಲೆ ತೇಲುವ ಕೋಳಿಯ ಕೊಬ್ಬನ್ನು ಒಂದು ಚಮಚ ತೆಗೆದು ನೂಡಲ್ಸಿಗೆ ಸವರಿದರೆ ಎಳೆಗಳು ಅಂಟಿಕೊಳ್ಳುವುದಿಲ್ಲ, ಕೋಳಿಯ ಪರಿಮಳವೂ ಹತ್ತುತ್ತದೆ. ಬಟ್ಟಲಿಗೆ ಮೊದಲು ನೂಡಲ್ಸ್, ಮೇಲೆ ಬಿಡಿಸಿದ ಮಾಂಸ, ಅದರ ಮೇಲೆ ಕುದಿಯುವ ಸಾರು. ಕೊನೆಗೆ ಕೆಲವು ಹನಿ ನಿಂಬೆರಸ. ರುಚಿ ಎಲ್ಲೋ ಮಂಕಾಗಿದೆ ಅನ್ನಿಸಿದರೆ ಇನ್ನಷ್ಟು ಉಪ್ಪು ಸುರಿಯುವ ಮೊದಲು ಈ ಹುಳಿಯನ್ನು ಹಾಕಿ ನೋಡಬೇಕು.

ಉಳಿದ ಸಾರನ್ನು ಅಗಲವಾದ ಪಾತ್ರೆಗಳಿಗೆ ಹಂಚಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ. ಮಾರನೆಯ ದಿನ ಸಾರು ಜೆಲ್ಲಿಯಂತೆ ಗಟ್ಟಿಯಾಗಿ, ಮೇಲೆ ಕೊಬ್ಬಿನ ಹಳದಿ ಪದರ ಕಟ್ಟಿದ್ದರೆ ಮೂಳೆಯಿಂದ ಜೆಲಟಿನ್ ಚೆನ್ನಾಗಿ ಇಳಿದಿದೆ ಎಂದು ತಿಳಿಯಬಹುದು. ಬಿಸಿ ಮಾಡಿದೊಡನೆ ಅದು ಕರಗಿ ಮತ್ತೆ ಸಾರಾಗುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು; ಅದಕ್ಕಿಂತ ಹೆಚ್ಚು ದಿನಕ್ಕಾದರೆ ಫ್ರೀಜರೇ ಸರಿ. ನೂಡಲ್ಸನ್ನು ಮಾತ್ರ ಪ್ರತಿ ಸಲವೂ ಹೊಸದಾಗಿಯೇ ಬೇಯಿಸುತ್ತೇನೆ.