ಕ್ಯಾಶ್ ಅಂದ್ರೆ ದುಡ್ಡಲ್ಲ

"ಏನ್ ಉಡುಕ್ತಾ ಇದ್ದೀರಿ ಸ್ವಾಮಿ?"

ಪಾಂಡವಪುರದ ಹತ್ತಿರ ಒಂದು ಊರು. ಬೆಳಗ್ಗೆ ಏಳೂವರೆ. ಊರಾಚೆ ಒಂದು ಪಾಳು ಮಂಟಪ, ಅದರ ಪಕ್ಕ ವಾಲಿಕೊಂಡ ಎರಡು ವೀರಗಲ್ಲು. ನಾನು ಮಂಡಿಯೂರಿ ಕೂತು ಕುರ್ಪಿಯಲ್ಲಿ ಮಣ್ಣು ಬಗೆಯುತ್ತಿದ್ದೆ. ಕುತ್ತಿಗೆಯಲ್ಲಿ ಜಿಪಿಎಸ್ ನೇತಾಡುತ್ತಿತ್ತು. ಪಕ್ಕದಲ್ಲಿ ಸ್ಟೀಲ್ ಡಬ್ಬಿ. ತಲೆ ಎತ್ತಿದರೆ ಹೆಗಲ ಮೇಲೆ ಟವೆಲ್ ಹಾಕಿದ ಹಿರಿಯರೊಬ್ಬರು, ಅವರ ಹಿಂದೆ ಮೂವರು ಹುಡುಗರು.

"ಹುಡುಕ್ತಾ ಇಲ್ಲ ಯಜಮಾನ್ರೇ. ಕ್ಯಾಶ್ ಇಡ್ತಾ ಇದ್ದೀನಿ" ಅಂದೆ.

"ಕ್ಯಾಶಾ? ಎಷ್ಟೈತೆ?"

ಜಿಯೋಕ್ಯಾಶಿಂಗ್ ಅಂತ ಒಂದು ಆಟ. ಒಬ್ಬರು ಡಬ್ಬಿ ಬಚ್ಚಿಡುತ್ತಾರೆ, ಬೇರೆಯವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಆ ಡಬ್ಬಿಗೆ ಕ್ಯಾಶ್ ಅಂತಾರೆ. ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ಬೇರೆ, ಆದರೆ ಬಾಯಲ್ಲಿ ಬರುವಾಗ ದುಡ್ಡಿನ ಕ್ಯಾಶೂ ಇದೂ ಒಂದೇ. ಅದೂ ಎಲ್ಲಿ ಹೇಳಿದೆ ನೋಡಿ! ನಮ್ಮ ಕಡೆ ನಿಧಿಗಳ್ಳರ ಕಾಟ ಹೊಸದಲ್ಲ. ನಿಧಿ ಸಿಗುತ್ತೆ ಅಂತ ಹಳೇ ಗುಡಿಗಳ ಚಪ್ಪಡಿ ಕಿತ್ತು, ನಂದಿ ವಿಗ್ರಹ ಒಡೆದು ಹೋಗುವವರು ಇದ್ದಾರೆ. ವೀರಗಲ್ಲಿನ ಬುಡದಲ್ಲಿ ಕುರ್ಪಿ ಹಿಡಿದು ಕೂತ ಅಪರಿಚಿತನನ್ನು ಅವರು ಬೇರೆ ಏನಂತ ತಿಳಿಯಬೇಕು? ಹುಡುಗರಲ್ಲಿ ಒಬ್ಬ ಆಗಲೇ ಫೋನ್ ತೆಗೆದಿದ್ದ. ಪುಣ್ಯಕ್ಕೆ ನನ್ನ ಭಾವಮೈದನ ಹೊಲ ಅಲ್ಲೇ ಪಕ್ಕದ ಊರಿನಲ್ಲಿ. ಕರೆ ಮಾಡಿದ ಕೂಡಲೇ ಬೈಕಿನಲ್ಲಿ ಬಂದ. "ಇವ್ರು ನಮ್ ಭಾವ. ಮೈಸೂರಿನೋರು. ಒಳ್ಳೇರೇ, ಸ್ವಲ್ಪ ಹಿಂಗೇ" ಅಂತ ಬೆರಳು ತಿರುಗಿಸಿ ತೋರಿಸಿದ. ಅಷ್ಟಕ್ಕೆ ಬಿಟ್ಟರು.

ಅವತ್ತು ನಾನು ಮಾಡಿದ್ದು ಒಂದಲ್ಲ, ಮೂರು ತಪ್ಪು. ನೆಲ ಅಗೆದೆ. ಹಳೇ ಸ್ಮಾರಕದ ಪಕ್ಕ ಜಾಗ ಹಿಡಿದೆ. ಯಾರನ್ನೂ ಕೇಳಲಿಲ್ಲ. ಮೂರೂ ಜಿಯೋಕ್ಯಾಶಿಂಗ್ ನಿಯಮದಲ್ಲಿ ಸ್ಪಷ್ಟವಾಗಿ ಬೇಡ ಅಂತಲೇ ಇದೆ. ಓದಿದ್ದೆ ಕೂಡ. ಆದರೆ ಅವೆಲ್ಲ ಅಮೆರಿಕದವರ ಶಿಸ್ತು, ನಮ್ಮ ಹೊಲ ಗದ್ದೆಗೆ ಯಾಕೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವರಿಗಿಂತ ನಮಗೇ ಅದು ಜಾಸ್ತಿ ಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಉಪಗ್ರಹಗಳ ಮೂಲಕ ನಾವಿರುವ ಜಾಗ ತೋರಿಸುವ ಜಿಪಿಎಸ್ ಅಮೆರಿಕದ ಸೇನೆಯದ್ದು. ಸಾಮಾನ್ಯರಿಗೆ ಸಿಗುವ ಸಿಗ್ನಲ್‌ನಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿದ್ದರು. ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. 2000ದ ಮೇ ತಿಂಗಳ ಶುರುವಿನಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ನಿಲ್ಲಿಸಿದರು. ಮೇ 3ರಂದೇ ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶ ಎಲ್ಲರಿಗೂ ತಿಳಿಸಿದ. ಬಕೆಟ್‌ನಲ್ಲಿದ್ದ ವಸ್ತುಗಳಲ್ಲಿ ಒಂದು ಡಬ್ಬಿ ಬೀನ್ಸ್ ಕೂಡ ಇತ್ತು. ಈಗಿನ ನಿಯಮದಲ್ಲಿ ತಿನ್ನುವ ಪದಾರ್ಥ ಇಡುವ ಹಾಗಿಲ್ಲ. ಆಟ ಶುರು ಮಾಡಿದವನ ಡಬ್ಬಿಯೇ ಇವತ್ತು ಪಾಸಾಗುತ್ತಿರಲಿಲ್ಲ! ಈಗ ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಇರುತ್ತೆ. ಹುಡುಕಿದವರು ಹೆಸರು, ತಾರೀಖು ಬರೆದು, ಇದ್ದ ಹಾಗೇ ಇಟ್ಟು ಬರಬೇಕು. ಒಳಗಿನ ಸಣ್ಣಪುಟ್ಟ ಸಾಮಾನಿನಲ್ಲಿ ಒಂದು ತೆಗೆದುಕೊಂಡರೆ ಅದೇ ಬೆಲೆಯದ್ದೋ ಮೇಲಿನದ್ದೋ ಒಂದು ಇಡಬೇಕು. ಚನ್ನಪಟ್ಟಣದ ಬುಗುರಿ ತೆಗೆದುಕೊಂಡು ಬಸ್ ಟಿಕೆಟ್ ಹಾಕಿ ಬಂದವರನ್ನು ನಾನು ನೋಡಿದ್ದೇನೆ.

ಈಗ ಉಪಕರಣದ ಮಾತು. ಸಿಕ್ಕವರೆಲ್ಲ ಮೊದಲು ಕೇಳುವುದು ಇದನ್ನೇ.

ಶುರುವಿಗೆ ಏನೂ ಕೊಳ್ಳಬೇಡಿ. ಕೈಯಲ್ಲಿರುವ ಫೋನ್ ಸಾಕು. ಬಯಲಿನಲ್ಲಿ ಮೂರರಿಂದ ಐದು ಮೀಟರ್ ಒಳಗೆ ತಂದು ನಿಲ್ಲಿಸುತ್ತೆ. ಉಪಗ್ರಹದ ಎರಡು ಫ್ರೀಕ್ವೆನ್ಸಿ, ಅಂದರೆ ಎಲ್1 ಮತ್ತು ಎಲ್5 ಹಿಡಿಯುವ ಫೋನ್ ಆದರೆ ಬಂಡೆ, ಕಟ್ಟಡಗಳ ನಡುವೆ ಇನ್ನೂ ವಾಸಿ. ಒಂದು ಮಾತ್ರ ನೋಡಿಕೊಳ್ಳಿ. ಕೆಲವು ಅಗ್ಗದ ಫೋನುಗಳಲ್ಲಿ ದಿಕ್ಸೂಚಿ ಸೆನ್ಸರ್ ಇರುವುದಿಲ್ಲ. ಆಗ ನಿಂತಲ್ಲಿ ದಿಕ್ಕು ತೋರಿಸುವ ಬಾಣ ಕೆಲಸ ಮಾಡಲ್ಲ. ಸೆನ್ಸರ್ ಇದ್ದರೂ ಗಾಳಿಯಲ್ಲಿ ಇಂಗ್ಲಿಷ್ ಎಂಟು ಬರೆದ ಹಾಗೆ ಫೋನ್ ಆಡಿಸಿ ಆಗಾಗ ಸರಿ ಮಾಡಿಕೊಳ್ಳಬೇಕು. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತೆ, ಮೊದಲ ಸಲ ಜಾಗ ಹಿಡಿಯಲು ತಡ ಆಗುತ್ತೆ ಅಷ್ಟೇ. ಮ್ಯಾಪ್ ಮಾತ್ರ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ.

ನಾನು ಎರಡನೇ ವರ್ಷ ಸೆಕೆಂಡ್ ಹ್ಯಾಂಡ್ ಈಟ್ರೆಕ್ಸ್ 10 ಅನ್ನುವ ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಂಡೆ. ಗಾರ್ಮಿನ್ ಕಂಪನಿಯದ್ದು, 2011ರ ಮಾದರಿ. ಬಣ್ಣದ ಪರದೆ ಇಲ್ಲ, ಹೇಳಿಕೊಳ್ಳುವಂಥ ಮ್ಯಾಪ್ ಇಲ್ಲ. ಮನೆಯವರು ನೋಡಿ "ಇದಕ್ಕಾ ದುಡ್ಡು ಕೊಟ್ರಿ?" ಅಂದರು. ಆದರೆ ಎರಡು ಪೆನ್ಸಿಲ್ ಸೆಲ್ಲಿನಲ್ಲಿ 25 ಗಂಟೆ ಓಡುತ್ತೆ ಅಂತ ಕಂಪನಿ ಹೇಳುತ್ತೆ, ನನಗೆ ಎರಡು ಭಾನುವಾರಕ್ಕೆ ಬರುತ್ತಿತ್ತು. ಸೆಲ್ ಮುಗಿದರೆ ಯಾವ ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತೆ. ಸೋನೆ ಮಳೆಗೆ ಹೆದರಬೇಕಿಲ್ಲ. ಬಿದ್ದರೂ ಎತ್ತಿಕೊಂಡು ಒರೆಸಿದರೆ ಆಯ್ತು. ಇದರಲ್ಲೂ ದಿಕ್ಸೂಚಿ ಸೆನ್ಸರ್ ಇಲ್ಲ. ನಡೆಯುತ್ತಿದ್ದರೆ ಮಾತ್ರ ಬಾಣ ಸರಿ ತೋರಿಸುತ್ತೆ, ನಿಂತರೆ ದಿಕ್ಕುಗೆಡುತ್ತೆ. ಇದು ಗೊತ್ತಿಲ್ಲದೆ ಮೊದಲ ವಾರ ಒಂದೇ ಜಾಗದಲ್ಲಿ ಗಾಣದ ಎತ್ತಿನ ಹಾಗೆ ಸುತ್ತಿದ್ದೆ. ಅದೇ ಸಾಲಿನ 30ರಲ್ಲಿ ಸೆನ್ಸರ್ ಇದೆ. ದುಡ್ಡಿದ್ದರೆ ಅದನ್ನೇ ನೋಡಿ.

ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಮಾದರಿಗಳು ವಿದೇಶದಲ್ಲಿ ಸಿಗುತ್ತವೆ. ನೆಂಟರ ಕೈಲಿ ಅಂಥದ್ದು ತರಿಸಬೇಡಿ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಬರೀ ಸಿಗ್ನಲ್ ಪಡೆಯುವ ಸಾಮಾನ್ಯ ಜಿಪಿಎಸ್‌ಗೆ ಈ ತೊಂದರೆ ಇಲ್ಲ.

ಉಪಕರಣ ಯಾವುದಾದರೂ ಇರಲಿ, ನನ್ನನ್ನು ಅಡ್ಡದಾರಿ ಹಿಡಿಸಿದ್ದು ಅದಲ್ಲ, ಒಂದು ಚುಕ್ಕಿ. ಕುಕ್ಕರಹಳ್ಳಿ ಕೆರೆ ಹತ್ತಿರದ ಜಾಗ ಅಂದುಕೊಳ್ಳಿ, ಉತ್ತರ 12 ಡಿಗ್ರಿ 18.500 ಮಿನಿಟು, ಪೂರ್ವ 76 ಡಿಗ್ರಿ 38.000 ಮಿನಿಟು. ಈ ಆಟದಲ್ಲಿ ಬರೆಯುವುದೇ ಹೀಗೆ. ಡಿಗ್ರಿ, ಆಮೇಲೆ ಮಿನಿಟಿನ ದಶಮಾಂಶ. ನಾನು ಅದನ್ನು 12.18500, 76.38000 ಅಂತ ಒತ್ತಿದೆ. ಕೆರೆ ಏರಿ ಮೇಲೆ ನಿಂತಿದ್ದೇನೆ, ಡಬ್ಬಿ 30 ಕಿಲೋಮೀಟರ್ ಆಚೆ ಎಚ್.ಡಿ. ಕೋಟೆ ಕಡೆ ಇದೆ ಅಂತ ತೋರಿಸುತ್ತಿದೆ! ಒಂದು ಡಿಗ್ರಿಗೆ 60 ಮಿನಿಟು ಅನ್ನುವುದು ಸ್ಕೂಲಿನಲ್ಲಿ ಕಲಿತದ್ದೇ. ವಾಕಿಂಗ್ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು ಭುಜದ ಮೇಲಿಂದ ಇಣುಕಿ ನೋಡಿ ತಿದ್ದಿದರು. ಆ ಕೊನೆಯ ಮೂರನೇ ಅಂಕಿ ಒಂದು ಬದಲಾದರೆ ನೆಲದ ಮೇಲೆ ಎರಡು ಮೀಟರ್‌ಗೂ ಕಮ್ಮಿ. ಅದಕ್ಕೇ ಆ ಪದ್ಧತಿ ಉಳಿದಿರಬೇಕು.

ನಮ್ಮ ಸೀಮೆಯಲ್ಲಿ ದಿಕ್ಕು ತಪ್ಪಿದವರಲ್ಲಿ ನಾನೇ ಮೊದಲಿಗ ಅಲ್ಲ ಅನ್ನುವುದು ಸಮಾಧಾನ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ ಹೊತ್ತಿನಲ್ಲಿ ಬ್ರಿಟಿಷರ ಜನರಲ್ ಬೇರ್ಡ್‌ನ ದಂಡು ರಾತ್ರಿ ದಾರಿ ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆದಿತ್ತಂತೆ. ಜೊತೆಗಿದ್ದ ವಿಲಿಯಂ ಲ್ಯಾಂಬ್ಟನ್ ನಕ್ಷತ್ರ ನೋಡಿ, ದಿಕ್ಕು ತಪ್ಪಿದೆ ಅಂದ. ಆಮೇಲೆ ದೇಶವನ್ನೇ ಅಳೆಯುವ ದೊಡ್ಡ ಸರ್ವೆ ಶುರು ಮಾಡಿದವನು ಅವನೇ.

ಜಿಪಿಎಸ್ ಹತ್ತು ಮೀಟರ್ ಅಂದ ಕೂಡಲೇ ನಾನೀಗ ಅದನ್ನು ಜೇಬಿಗೆ ಹಾಕುತ್ತೇನೆ. ಅಲ್ಲಿಂದ ಕಣ್ಣಿನ ಕೆಲಸ. ತೆಂಗಿನ ತೋಟದಲ್ಲಿ, ಕುಂತಿಬೆಟ್ಟದಂಥ ಬಂಡೆಗಳ ಸಂದಿಯಲ್ಲಿ ಸಿಗ್ನಲ್ ಬಡಿದು ಬಡಿದು ಬರುತ್ತೆ, ಬಾಣ ಕುಣಿಯುತ್ತೆ. ಬಚ್ಚಿಡುವವರು ಇದನ್ನು ಇನ್ನೂ ಚೆನ್ನಾಗಿ ನೆನಪಿಡಬೇಕು. ನಾನು ಡಬ್ಬಿ ಇಡುವ ಜಾಗದ ಅಂಕಿಯನ್ನು ಬೇರೆ ಬೇರೆ ದಿನ ಮೂರು ನಾಲ್ಕು ಸಲ ತೆಗೆದು ಸರಾಸರಿ ಹಾಕುತ್ತೇನೆ. ನೀವು ಆರು ಮೀಟರ್ ತಪ್ಪಿ, ಹುಡುಕುವವರು ಇನ್ನೊಂದು ಆರು ಮೀಟರ್ ತಪ್ಪಿದರೆ ಪಾಪ ಅವರು ಪಕ್ಕದವರ ಬೇಲಿಯೊಳಗೆ ಇರುತ್ತಾರೆ.

ಹುಡುಕುವಾಗ ನಾನು ಮಾಡಿದ ಒಂದು ಕೆಟ್ಟ ಕೆಲಸವನ್ನೂ ಹೇಳಿಬಿಡುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು ದಾರಿಯಲ್ಲಿ ಒಂದು ಡಬ್ಬಿಗೆ ಒಂದೂಕಾಲು ಗಂಟೆ ತಡಕಾಡಿದೆ. ಸಿಗಲಿಲ್ಲ. ಕೋತಿ ಒಯ್ದಿರಬೇಕು ಅಂತ ನಾನೇ ತೀರ್ಮಾನ ಮಾಡಿದೆ. ಬ್ಯಾಗಿನಲ್ಲಿ ಹಳೇ ಕ್ಯಾಮೆರಾ ರೀಲಿನ ಡಬ್ಬಿ ಇತ್ತು. ಅದರಲ್ಲಿ ಚೀಟಿ ಹಾಕಿ, ಕಲ್ಲಿನ ಸಂದಿಯಲ್ಲಿ ಇಟ್ಟು, ನನ್ನ ಹೆಸರು ಬರೆದು, "ಸಿಕ್ಕಿತು" ಅಂತ ಆಟದ ವೆಬ್‌ಸೈಟಿನಲ್ಲಿ ದಾಖಲಿಸಿ ಇಳಿದು ಬಂದೆ. ಉಪಕಾರ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ನಾಲ್ಕು ದಿನಕ್ಕೆ ಡಬ್ಬಿ ಇಟ್ಟವರ ಮೆಸೇಜ್ ಬಂತು. ಅವರ ಡಬ್ಬಿ ಇದ್ದಲ್ಲೇ ಇತ್ತು. ಈಗ ಒಂದು ಜಾಗದಲ್ಲಿ ಎರಡು ಡಬ್ಬಿ. ನನ್ನ ನಂತರ ಹೋದ ಇಬ್ಬರು ನನ್ನದರಲ್ಲೇ ಸಹಿ ಹಾಕಿ ಬಂದಿದ್ದರು. ಡಬ್ಬಿ ಇಟ್ಟವರು ಬೈಯಲಿಲ್ಲ, "ಸಿಗಲಿಲ್ಲ ಅಂತ ಬರೆದಿದ್ದರೆ ನಾನೇ ಹೋಗಿ ನೋಡುತ್ತಿದ್ದೆ" ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು. ಮರುದಿನ ಮತ್ತೆ ಮೆಟ್ಟಿಲು ಹತ್ತಿ ನನ್ನದನ್ನು ಕಿತ್ತು ತಂದೆ. ಸಿಗಲಿಲ್ಲ ಅಂತ ಬರೆಯಲು ಈಗ ನನಗೆ ನಾಚಿಕೆ ಇಲ್ಲ. ಒಂದೇ ಡಬ್ಬಿಗೆ ಮೂರು ಸಲ ಬರೆದದ್ದೂ ಇದೆ.

ಡಬ್ಬಿ ಇಡುವುದಕ್ಕೆ ಮೊದಮೊದಲು ನನಗೆ ಹೊಳೆದ ಜಾಗಗಳನ್ನು ನೆನೆದರೆ ಈಗ ಮೈ ಜುಂ ಅನ್ನುತ್ತೆ. ಕೃಷ್ಣರಾಜಸಾಗರದ ಕಟ್ಟೆ ಹತ್ತಿರ. ಶ್ರೀರಂಗಪಟ್ಟಣದ ರೈಲ್ವೆ ಸೇತುವೆ ಕೆಳಗೆ. ಕಪ್ಪು ಟೇಪ್ ಸುತ್ತಿದ ಡಬ್ಬಿಯನ್ನು ಅಣೆಕಟ್ಟಿನ ಪಕ್ಕ ಇಡುವವನಿಗೆ ಯಾರು ತಾನೇ ಹಾರ ಹಾಕುತ್ತಾರೆ? ರಂಗನತಿಟ್ಟಿನ ಒಳಗಂತೂ ಯೋಚನೆಯೂ ಬೇಡ, ಹಕ್ಕಿ ಗೂಡು ಕಟ್ಟುವ ಜಾಗ. ಇಟ್ಟ ಡಬ್ಬಿಯನ್ನು ಪಟ್ಟಿಗೆ ಸೇರಿಸುವ ಮೊದಲು ಒಬ್ಬ ಸ್ವಯಂಸೇವಕರು ಪರಿಶೀಲಿಸುತ್ತಾರೆ. ಅವರಿಗೆ ಕಾಣುವುದು ಮ್ಯಾಪ್ ಮತ್ತು ನಾವು ಬರೆದದ್ದು ಮಾತ್ರ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಇರಬೇಕು ಅನ್ನುವುದನ್ನು ಅವರು ಅಲ್ಲಿಂದಲೇ ಹಿಡಿಯುತ್ತಾರೆ. ನನ್ನದೊಂದು 140ಕ್ಕೆ ವಾಪಸ್ ಬಂದಿತ್ತು. ಆದರೆ ನಾನು ಮರಕ್ಕೆ ಮೊಳೆ ಹೊಡೆದೆನೋ, ಯಾರದ್ದೋ ಬದುವಿನ ಕಲ್ಲು ಕಿತ್ತೆನೋ ಅವರಿಗೆ ಗೊತ್ತಾಗಲ್ಲ. "ಮಾಲೀಕರ ಅನುಮತಿ ಇದೆ" ಅಂತ ಸುಳ್ಳು ಹೇಳಿದರೂ ಪಾಸಾಗುತ್ತೆ. ನಾನು ಹೇಳಿದ್ದೇನೆ.

ಜಾಗದವರನ್ನು ಕೇಳುವುದು ಅಂದರೆ ನಮ್ಮಲ್ಲಿ ಪತ್ರ ಬರೆಯುವುದಲ್ಲ. ಹೋಗಿ ಕೂರಬೇಕು, ಕಾಫಿ ಕುಡಿಯಬೇಕು, ಯಾವೂರು, ಯಾರ ಪೈಕಿ ಅಂತ ಹೇಳಬೇಕು, ಆಮೇಲೆ ಡಬ್ಬಿ ತೆರೆದು ತೋರಿಸಬೇಕು. ಕ್ಯಾಶ್ ಅನ್ನುವ ಪದ ಮಾತ್ರ ಅಪ್ಪಿತಪ್ಪಿಯೂ ಬಳಸಬಾರದು. ನಾನೀಗ "ಕಣ್ಣಾಮುಚ್ಚಾಲೆ ಆಟ ಇದ್ದಂಗೆ, ಡಬ್ಬಿದು" ಅನ್ನುತ್ತೇನೆ. ಎಲ್ಲರಿಗೂ ತಿಳಿಯುತ್ತೆ.

ಡಬ್ಬಿಯೂ ಬದಲಾಗಿದೆ. ಸ್ಟೀಲ್ ಬಿಟ್ಟೆ, ಟೇಪ್ ಬಿಟ್ಟೆ. ನಾಲ್ಕೂ ಕಡೆ ಕ್ಲಿಪ್ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಒಳಗಿರುವುದು ಹೊರಗಿನಿಂದಲೇ ಕಾಣಬೇಕು. ಮುಚ್ಚಳದ ಮೇಲೆ ಕನ್ನಡದಲ್ಲಿ "ಇದು ಆಟದ ಡಬ್ಬಿ, ಬೆಲೆಬಾಳುವುದೇನೂ ಇಲ್ಲ" ಅಂತ ಬರೆದು ಫೋನ್ ನಂಬರ್ ಹಾಕುತ್ತೇನೆ. ಕುಂಕುಮದ ಬಣ್ಣ, ನಿಂಬೆ ಬಣ್ಣ ಬೇಡವೇ ಬೇಡ. ಮೂರು ದಾರಿ ಸೇರುವಲ್ಲಿ ಬೇಡ. ಮಾಟ ಅಂತ ಯಾರೂ ಮುಟ್ಟಲ್ಲ, ಅಥವಾ ಸುಟ್ಟೇ ಬಿಡುತ್ತಾರೆ. ಪುಸ್ತಕದ ಜೊತೆ ಪೆನ್ನಿನ ಬದಲು ಪೆನ್ಸಿಲ್ ಇಡಿ, ತೇವಕ್ಕೂ ಬರೆಯುತ್ತೆ. ಹೆಜ್ಜೇನು ಕಟ್ಟುವ ಬಂಡೆ ಕೆಳಗೆ, ಹಾವಿರುವ ಕಲ್ಲುಗೋಡೆ ಸಂದಿಯಲ್ಲಿ ಕೈ ಹಾಕುವ ಹಾಗೆ ಇಡಬೇಡಿ. ಹುಡುಕಲು ಬರುವವರು ನಮ್ಮನ್ನು ನಂಬಿ ಕೈ ಹಾಕುತ್ತಾರೆ.

ಆ ಟವೆಲಿನ ಯಜಮಾನರ ಹತ್ತಿರ ಮೂರು ವಾರ ಬಿಟ್ಟು ಭಾವಮೈದನನ್ನು ಕರೆದುಕೊಂಡು ಮತ್ತೆ ಹೋದೆ. ಬಗೆದ ಮಣ್ಣನ್ನು ಅವತ್ತೇ ಮುಚ್ಚಿದ್ದೆ, ಆದರೂ ಕ್ಷಮೆ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಲ್ಲಾ ಸ್ವಾಮಿ, ಇದನ್ನ ಉಡುಕಕ್ಕೆ ಅಷ್ಟ್ ದೂರದಿಂದ ಬತ್ತಾರಾ?" ಅಂತ ನಕ್ಕರು. ಆಮೇಲೆ ತಮ್ಮ ಪಂಪ್‌ಸೆಟ್ ಮನೆಯ ಹಿಂದಿನ ಗೂಡು ತೋರಿಸಿದರು. ಮಳೆ ಬೀಳಲ್ಲ, ದನ ಬರಲ್ಲ, ದಾರಿಯಿಂದ ಕಾಣಲ್ಲ. ನಾನು ವರ್ಷವಿಡೀ ಹುಡುಕಿದ್ದರೂ ಅಂಥ ಜಾಗ ಸಿಗುತ್ತಿರಲಿಲ್ಲ.

ಈಗ ಆ ಡಬ್ಬಿಗೆ ನನಗಿಂತ ಅವರೇ ಜವಾಬ್ದಾರಿ. ಗೊದ್ದ ಹತ್ತಿದರೆ ಫೋನ್ ಬರುತ್ತೆ. ಪುಣೆಯಿಂದ ಇಬ್ಬರು ಬಂದಾಗ ಎಳನೀರು ಕೆಡವಿ ಕೊಟ್ಟಿದ್ದರು. ಕಳೆದ ತಿಂಗಳು ಪುಸ್ತಕ ತುಂಬಿತು ಅಂತ ಹೊಸದು ಹಾಕಲು ಹೋದೆ. ಅಷ್ಟು ಜನ ಬಂದಿರಲು ಸಾಧ್ಯವೇ ಇಲ್ಲವಲ್ಲ ಅಂತ ತೆರೆದು ನೋಡಿದರೆ ಬಂದವರ ಸಹಿ ಒಂಬತ್ತು. ಉಳಿದ ಪುಟಗಳ ತುಂಬ ಪೆನ್ಸಿಲ್‌ನಲ್ಲಿ ಯಜಮಾನರ ಅಕ್ಷರ: "ತ್ರೀ ಫೇಸ್ ಬಂತು ರಾತ್ರಿ 2.10. ಹೋಯ್ತು 4.30. ಕೆಳಗಿನ ಗದ್ದೆ ಬಾಕಿ."