ಮೊದಲು ಮೆಕ್ಯಾನಿಕ್, ಆಮೇಲೆ ಕೆಂಪು ಕಾರು

ಅಕ್ಕನ ಮಗ ಹೋದ ತಿಂಗಳು ಮನೆಗೆ ಬಂದವನು ಕಾಫಿ ಮುಗಿಸುವ ಮೊದಲೇ ಫೋನು ಮುಂದೆ ಹಿಡಿದ. "ಚಿಕ್ಕಮ್ಮ, ಎಂಟು ಲಕ್ಷ ಇದೆ. ಸ್ಪೋರ್ಟ್ಸ್ ಕಾರು ಬೇಕು. ಕೈ ಕೊಡಬಾರದು, ಖರ್ಚೂ ಜಾಸ್ತಿ ಇರಬಾರದು." ಫೋನಿನಲ್ಲಿ ಎರಡು ಸೀಟಿನ ಮಾಜ್ದಾ ಎಂಎಕ್ಸ್-5 ಇತ್ತು. ಚೆಂದದ ಕಾರೇ. ಆದರೆ ಆ ಕಂಪನಿ ನಮ್ಮಲ್ಲಿ ಅಂಗಡಿಯನ್ನೇ ತೆರೆದಿಲ್ಲ. ನಮ್ಮ ಬೀದಿಯ ಹಂಪ್ ಹತ್ತಿದರೆ ಅದರ ಹೊಟ್ಟೆ ಕೆರೆಯುವುದು ಗ್ಯಾರಂಟಿ.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಮಹಾಲಕ್ಷ್ಮಿ ಲೇಔಟ್‌ನಲ್ಲಿ ಮನೆ. ಇಪ್ಪತ್ತು ವರ್ಷದಲ್ಲಿ ನಾಲ್ಕು ಕಾರು ಓಡಿಸಿದ್ದೇನೆ, ಒಂದು ನನ್ನ ಉಳಿತಾಯವನ್ನೇ ನುಂಗಿತು. ಹಾಗಾಗಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಹುಡುಕಬೇಕಾದದ್ದು ಮನೆಮಂದಿಯ ಕಾರಿನ ತುಂಟ ತಮ್ಮನನ್ನು, ಅಂದರೆ ಅದೇ ಕಾರಿನ ಜೋರು ಎಂಜಿನ್ನಿನ ಮಾದರಿಯನ್ನು. ಅಣ್ಣ ಊರೆಲ್ಲಾ ಓಡಾಡುತ್ತಿರಬೇಕು, ಅವನ ಕ್ಲಚ್ಚು, ಬ್ರೇಕು ಎಲ್ಲಾ ಅಂಗಡಿಯಲ್ಲೂ ಸಿಗಬೇಕು. ತಮ್ಮನಿಗೆ ಮಾತ್ರ ಪಿಕಪ್ ಜಾಸ್ತಿ ಇರಬೇಕು.

ಪಿಕಪ್ ಅಂದರೆ ಬರೀ ಪಿಎಸ್, ಅಂದರೆ ಎಂಜಿನ್ ಶಕ್ತಿಯ ಲೆಕ್ಕ ಅಲ್ಲ. ತೂಕದಿಂದ ಭಾಗಿಸಿ ನೋಡಿ. 2017ರಲ್ಲಿ ಬಂದ ಮಾರುತಿ ಬಲೆನೋ ಆರ್‌ಎಸ್‌ಗೆ 102 ಪಿಎಸ್, ತೂಕ ಸುಮಾರು 950 ಕಿಲೋ. ಟನ್ನಿಗೆ 107 ಬಂತು. ಹಳೆಯ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ 1.2 ಟಿಎಸ್‌ಐಗೆ 105 ಪಿಎಸ್ ಇದ್ದರೂ ತೂಕ 1,100 ಕಿಲೋ ದಾಟುತ್ತದೆ, ಟನ್ನಿಗೆ 95ರ ಹತ್ತಿರ. ಹಗುರ ಕಾರಿನಲ್ಲಿ ಟೈರು, ಬ್ರೇಕ್ ಪ್ಯಾಡು, ಶಾಕ್ ಅಬ್ಸಾರ್ಬರ್‌ಗೂ ಹೊರೆ ಕಡಿಮೆ. ಆಮೇಲಿನ ಖರ್ಚು ಉಳಿಯುವುದು ಅಲ್ಲೇ.

ಇನ್ನು ಗೇರ್‌ಬಾಕ್ಸ್. ನನ್ನ ದುಡ್ಡು ಹೋದದ್ದು ಇಲ್ಲಿ. ಕಾರಿನ ಹೆಸರು ಬೇಡ. ಎರಡು ಒಣ ಕ್ಲಚ್ಚಿನ ಆಟೋಮ್ಯಾಟಿಕ್ ಅದು. ಒಂದು ಮೇ ತಿಂಗಳ ಸಂಜೆ ಹೆಬ್ಬಾಳದ ಫ್ಲೈಓವರ್ ಏರುವಾಗ ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ದೀಪ ಹತ್ತಿತು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ನನ್ನ ಕಾರು ಮಿಸುಕಲಿಲ್ಲ. ಬಿಲ್ಲು ಒಂದು ಲಕ್ಷ ದಾಟಿತು. ಕಾರಣ ಸರಳ. ಆಮೆಯ ಹಾಗೆ ತೆವಳುವಾಗ ಕ್ಲಚ್ಚು ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಆ ಉಜ್ಜಾಟದ ಬಿಸಿಯನ್ನು ಹೊತ್ತೊಯ್ಯಲು ಒಣ ಕ್ಲಚ್ಚಿನಲ್ಲಿ ಎಣ್ಣೆ ಇರುವುದಿಲ್ಲ. ಟಾರ್ಕ್ ಕನ್ವರ್ಟರ್ ಅನ್ನುವ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನಲ್ಲಿ ಎಣ್ಣೆಯೇ ಶಕ್ತಿ ದಾಟಿಸುವುದರಿಂದ ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನೂ ತಾಳಿಕೊಳ್ಳುತ್ತದೆ. ನನ್ನ ಓಟು ಮ್ಯಾನ್ಯುಯಲ್‌ಗೆ. ಮಂಡಿ ನೋವಿದ್ದರೆ ಟಾರ್ಕ್ ಕನ್ವರ್ಟರ್.

ಹಾಗೆ ಸೋಸಿದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಉಳಿಯುವುದು ಕೆಲವೇ. ಬಲೆನೋ ಆರ್‌ಎಸ್ ನಿಂತು ಹೋದರೂ ಅದರ 1.0 ಬೂಸ್ಟರ್‌ಜೆಟ್ ಎಂಜಿನ್ನಿನ ಹೆಸರು 2023ರಲ್ಲಿ ಫ್ರಾಂಕ್ಸ್ ಜೊತೆ ಮರಳಿ ಬಂತು. ಆರ್‌ಎಸ್‌ನ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬೇರೆ ಇದೆ. ಪೋಲೋ 2022ರಲ್ಲಿ ನಿಂತಿತು. 2020ರ ನಂತರದ 1.0 ಟಿಎಸ್‌ಐ ಮಾದರಿಗೆ 110 ಪಿಎಸ್, ಆರು ಗೇರಿನ ಮ್ಯಾನ್ಯುಯಲ್. ಅದರ ಆಟೋಮ್ಯಾಟಿಕ್ ಕೂಡ ಟಾರ್ಕ್ ಕನ್ವರ್ಟರ್. ಅದರ ಎಂಜಿನ್ ಕುಟುಂಬ ಅದೇ ಕಂಪನಿಯ ವರ್ಟಸ್, ಟೈಗುನ್‌ಗಳಲ್ಲಿ ಮುಂದುವರಿದಿದೆ. ಹ್ಯುಂಡೈ ಐ20 ಎನ್ ಲೈನ್ 120 ಪಿಎಸ್‌ನದು, ಆದರೆ ಕ್ಲಚ್ ಪೆಡಲ್ ಇರುವ ಪೂರ್ತಿ ಮ್ಯಾನ್ಯುಯಲ್ ಬಂದದ್ದು 2023ರಲ್ಲಿ. ಬಜೆಟ್ ಸ್ವಲ್ಪ ಎಳೆದರೆ 2024ರ ಟಾಟಾ ಆಲ್ಟ್ರೋಜ್ ರೇಸರ್. ಫಿಯೆಟ್ ಪುಂಟೋ ಅಬಾರ್ತ್‌ನ ಸುಮಾರು 145 ಪಿಎಸ್ ನೋಡಿ ನನಗೂ ಬಾಯಲ್ಲಿ ನೀರೂರುತ್ತದೆ. ಆದರೆ ಫಿಯೆಟ್ ಕಾರು ಮಾರಾಟ ಇಲ್ಲಿ ನಿಂತು ವರ್ಷಗಳಾದವು. ಮನೆಯಲ್ಲಿ ಇನ್ನೊಂದು ಕಾರಿದ್ದರೆ ಮಾತ್ರ ಆ ಪ್ರೀತಿ. ಹಳೇ ಹೋಂಡಾ ಸಿಟಿ ವಿಟೆಕ್ ಹುಚ್ಚಿನವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣದ ಓಡಾಟ ಇದೆ, ನೆನಪಿರಲಿ.

ಎಂಜಿನ್ ಸಿಸಿ ಕೂಡ ನೋಡಿ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆ ದರದಲ್ಲಿ 1000 ಸಿಸಿವರೆಗೆ 2,094 ರೂಪಾಯಿ, 1500ರವರೆಗೆ 3,416, ಅದಕ್ಕೂ ಮೇಲೆ 7,897. ಬಲೆನೋ ಆರ್‌ಎಸ್‌ನ 998 ಸಿಸಿ ಆ ಸಾವಿರದ ಗೆರೆಯ ಕೆಳಗೇ ನಿಂತಿದೆ.

ಕಾರು ನೋಡಲು ಹೋಗುವ ಮೊದಲು ಬಿಡಿಭಾಗದ ಅಂಗಡಿಗಳಿರುವ ಜೆಸಿ ರೋಡಿಗೆ ಹೋಗಿ. ಶನಿವಾರ ಬೆಳಗ್ಗೆ ಹೋದರೆ ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿರುತ್ತದೆ. ಕ್ಲಚ್ ಸೆಟ್, ಮುಂದಿನ ಶಾಕ್ ಅಬ್ಸಾರ್ಬರ್ ಜೋಡಿ, ಹೆಡ್‌ಲೈಟ್, ರೇಡಿಯೇಟರ್ ಫ್ಯಾನ್, ಮುಂದಿನ ಬಂಪರ್: ಈ ಐದರ ರೇಟು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. "ಇದೆ" ಅಂದರೆ ಸರಿ. "ತರಿಸಿಕೊಡ್ತೀವಿ, ಎರಡು ವಾರ" ಅಂದರೆ ಯೋಚಿಸಿ. ಆಮೇಲೆ ನಿಮ್ಮ ಮೆಕ್ಯಾನಿಕ್ಕನ್ನೇ ಕೇಳಿ, ಈ ಕಾರು ಬಿಚ್ಚಿ ಗೊತ್ತಾ ಅಂತ. ವೆಸ್ಟ್ ಆಫ್ ಕಾರ್ಡ್ ರೋಡ್ ಹಿಂದಿನ ನಮ್ಮ ಮೆಕ್ಯಾನಿಕ್ ಒಂದು ಕಾರಿನ ಹೆಸರು ಕೇಳಿ ಸುಮ್ನೆ ನಕ್ಕರು. ಆ ಕಾರನ್ನು ನಾನು ಅಲ್ಲಿಗೇ ಬಿಟ್ಟೆ.

ನೋಡಲು ಬೆಳಗ್ಗೆಯೇ ಹೋಗಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡಿ. ಕಾರಿನ ಹತ್ತಿರ ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ, ತಣ್ಣಗಿರಬೇಕು. ರೋಗ ಬಯಲಾಗುವುದು ತಣ್ಣನೆಯ ಎಂಜಿನ್ನಿನಲ್ಲೇ. ಸ್ಟಾರ್ಟ್ ಆದಾಗ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಖಾಲಿ ರಸ್ತೆ ಸಿಕ್ಕಾಗ ಮೂರನೇ ಗೇರಿನಲ್ಲಿ, ನಲವತ್ತರ ವೇಗದಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿ. ಆರ್‌ಪಿಎಂ ಮುಳ್ಳು ಹಾರಿ, ವೇಗ ಅಲ್ಲೇ ಉಳಿದರೆ ಕ್ಲಚ್ಚು ಜಾರುತ್ತಿದೆ. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ. ಮುಂದಿನ ಟೈರು ಒಳಬದಿಯಲ್ಲಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಯಾವುದೋ ಗುಂಡಿ ಬಲವಾಗಿಯೇ ಬಡಿದಿರಬಹುದು.

ನಮ್ಮೂರಿಗೇ ಇನ್ನೊಂದು ಪರೀಕ್ಷೆ ಇದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದ್ದು ನೆನಪಿದೆ ಅಲ್ವಾ? ಅಂಥವು ತೊಳೆದು ಪಾಲಿಶ್ ಆಗಿ ಮಾರಾಟಕ್ಕೆ ಬಂದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಬುಡದಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ಕೆಳಗಿನ ಹಳಿ ತುಕ್ಕು ಹಿಡಿದಿದೆಯಾ ತಡವಿ. ಮ್ಯಾಟ್ ಎತ್ತಿ ಮೂಸಿ, ನಾಚಿಕೆ ಬೇಡ.

ಕಾಗದಪತ್ರದಲ್ಲಿ ಸಾಲ ತೀರಿದೆಯಾ, ವಿಮೆ ಕ್ಲೇಮ್ ಆಗಿದೆಯಾ, ಸರ್ವಿಸ್ ಬಿಲ್ಲಿನ ಕಿಲೋಮೀಟರ್ ಹೊಂದುತ್ತದೆಯಾ ನೋಡಿ. ಬೇರೆ ರಾಜ್ಯದ ನಂಬರಿನ ಕಾರು ಅಗ್ಗ ಅಂತ ಹಾರಬೇಡಿ, ಇಲ್ಲಿಯ ಆಜೀವ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಎಂಟು ಲಕ್ಷ ಇದ್ದರೆ ಏಳಕ್ಕೆ ಕಾರು ಹುಡುಕಿ. ಉಳಿದದ್ದು ಟೈರಿಗೆ, ಎಣ್ಣೆಗೆ, ಮೊದಲ ಸರ್ವಿಸಿಗೆ.

ಹೋದ ಭಾನುವಾರ ನಾವಿಬ್ಬರೂ ನಾಗರಭಾವಿಗೆ ಒಂದು ಬಲೆನೋ ಆರ್‌ಎಸ್ ನೋಡಲು ಹೋಗಿದ್ದೆವು. ಬಾನೆಟ್ ದೋಸೆ ಕಾವಲಿಯ ಹಾಗಿತ್ತು. "ಈಗ ತಾನೇ ಹಾಲು ತರೋಕೆ ಹೋಗಿದ್ದೆ ಮೇಡಂ" ಅಂದರು ಮಾಲೀಕರು. ಹಾಲಿನ ಬೂತು ಎದುರಿಗೇ ಇತ್ತು. ನಾಳೆ ಬೆಳಗ್ಗೆ ಆರಕ್ಕೆ ಬರುತ್ತೇವೆ ಸಾರ್ ಅಂದೆ. ಆರಕ್ಕೆ ಅವರು ಫೋನ್ ಎತ್ತಲಿಲ್ಲ.