ಮಸಾಲೆಗೆ ನಲವತ್ನಾಲ್ಕು ಪರ್ಸೆಂಟಾ?

ಬೆಂಗಳೂರಿನ ಬಾರ್ ಒಂದರಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಊರಿಗೆ ವಾಪಸ್ ಬಂದವನು ನಾನು. ಈಗ ಚಿಕ್ಕಬಳ್ಳಾಪುರದ ಸುತ್ತಮುತ್ತ ಮದುವೆ ಆರತಕ್ಷತೆಗಳಲ್ಲಿ ಆಲ್ಕೋಹಾಲ್ ಇಲ್ಲದ ಮಾಕ್‌ಟೇಲ್ ಕೌಂಟರ್ ಹಾಕುತ್ತೇನೆ. ಮೊದಲ ಸೀಸನ್‌ನಲ್ಲೇ ಒಂದು ಎಡವಟ್ಟಾಯಿತು.

ನಿಂಬೆ ಸೋಡಾಕ್ಕೆ ಎರಡು ಡ್ಯಾಶ್ ಬಿಟರ್ಸ್ ಹಾಕಿ ಕೊಡುತ್ತಿದ್ದೆ. ಆಸ್ಟ್ರೇಲಿಯಾದಲ್ಲಿ ಈ ಪಾನೀಯ ನಮ್ಮ ಕಡೆ ಪಾನಕ ಇದ್ದ ಹಾಗೆ, ಎಲ್ಲರೂ ಕುಡಿಯುತ್ತಾರೆ. ಬಿಟರ್ಸ್ ಅಂದರೆ ಬೇರು, ಸಿಪ್ಪೆ, ಮಸಾಲೆಗಳನ್ನು ನೆನೆಸಿ ತೆಗೆದ ಕಹಿ ರಸ. ಬಾಟಲಿ ಬಗ್ಗಿಸಿ ಒಮ್ಮೆ ಕೊಡವಿದರೆ ಬೀಳುವಷ್ಟಕ್ಕೆ ಡ್ಯಾಶ್ ಎನ್ನುತ್ತೇವೆ, ಒಂದು ಮಿಲಿಗಿಂತ ಸ್ವಲ್ಪ ಕಡಿಮೆ. ಹುಡುಗಿ ಕಡೆಯ ತಾತ ಒಬ್ಬರು ಎರಡನೇ ಲೋಟ ಹಿಡಿದು ನಿಂತಿದ್ದರು. ಪಕ್ಕದಲ್ಲಿದ್ದ ಮೊಮ್ಮಗ ಸುಮ್ನೆ ಇರಲಾರದೆ ಬಾಟಲಿ ತಿರುಗಿಸಿ ಲೇಬಲ್ ಓದಿಬಿಟ್ಟ.

‘ಏನಪ್ಪಾ, ಇದರಲ್ಲಿ ಎಣ್ಣೆ ಐತಂತೆ?’

‘ಇಲ್ಲ ತಾತ, ಅದು ಮಸಾಲೆ ಥರ. ಒಗ್ಗರಣೆಗೆ ಇಂಗು ಹಾಕಲ್ವಾ, ಹಂಗೆ.’

‘ಮಸಾಲೆಗೆ ನಲವತ್ನಾಲ್ಕು ಪರ್ಸೆಂಟಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕ ಹಾಕಿದರೆ 200 ಮಿಲಿ ಲೋಟದಲ್ಲಿ ಎರಡು ಡ್ಯಾಶ್ ಅಂದರೆ ಆಲ್ಕೋಹಾಲ್ ನೂರಕ್ಕೆ ಅರ್ಧ ಭಾಗವೂ ಬರುವುದಿಲ್ಲ. ಆದರೆ ಜೀವನಪೂರ್ತಿ ಮುಟ್ಟದವರಿಗೆ ಅರ್ಧ ಏನು, ಕಾಲು ಏನು? ಕುಡಿತ ಬಿಟ್ಟು ಎರಡು ವರ್ಷ ಆದವರಿಗೂ ಅಷ್ಟೇ. ಹೇಳದೆ ಹಾಕಿದ್ದು ನನ್ನದೇ ತಪ್ಪು. ಅವತ್ತು ಆ ಬಾಟಲಿ ಚೀಲ ಸೇರಿತು, ಮತ್ತೆ ಹೊರಗೆ ತೆಗೆಯಲಿಲ್ಲ.

ಹಾಗಂತ ಬಿಟರ್ಸ್ ಬಿಟ್ಟು ಕೌಂಟರ್ ನಡೆಸೋಣ ಅಂದರೆ ಕೈಯಲ್ಲಿ ಉಳಿಯುವುದು ಏನು? ನೀಲಿ ಸಿರಪ್, ಹಸಿರು ಸಿರಪ್, ಮೇಲೆ ಸಿಹಿ ಸೋಡಾ. ಮಕ್ಕಳು ಗಟಗಟ ಕುಡಿದು ಓಡುತ್ತಾರೆ, ದೊಡ್ಡವರು ಎರಡು ಗುಟುಕಿಗೆ ಲೋಟ ಟೇಬಲ್ ಕೆಳಗೆ ಇಡುತ್ತಾರೆ. ಕಹಿ ಇದ್ದರೆ ಸಿಹಿ ಮುಖಕ್ಕೆ ಹೊಡೆಯುವುದಿಲ್ಲ. ಒಂದು ಗುಟುಕು ಕುಡಿದು ಸ್ವಲ್ಪ ಮಾತಾಡಿ ಮತ್ತೆ ಕುಡಿಯುವ ಹಾಗಾಗುತ್ತದೆ. ನನಗೆ ಬೇಕಾಗಿದ್ದು ಅದೇ.

ಬಿಟರ್ಸ್‌ಗೆ ಆಲ್ಕೋಹಾಲ್ ಯಾಕೆ ಬಂತು ಅನ್ನುವುದು ಗೊತ್ತಿದ್ದರೆ ಮುಂದಿನ ಕೆಲಸ ಸಲೀಸು. ಎಲ್ಲಕ್ಕಿಂತ ಹೆಸರಾದ ಆಂಗೊಸ್ಟುರಾ ಬಿಟರ್ಸ್ ಹುಟ್ಟಿದ್ದು 1824ರಲ್ಲಿ. ವೆನೆಜುವೆಲಾದ ಆಂಗೊಸ್ಟುರಾ ಎಂಬ ಊರಿನಲ್ಲಿ, ಸ್ಪೇನ್ ಆಳ್ವಿಕೆ ವಿರುದ್ಧ ಹೋರಾಡಿದ ನಾಯಕ ಬೊಲಿವಾರ್‌ನ ಸೈನ್ಯದ ಡಾಕ್ಟರ್ ಆಗಿದ್ದ ಸೀಗರ್ಟ್ ಎಂಬ ಜರ್ಮನ್ ಮಾಡಿದ್ದು. ಮಾಡಿದ್ದು ಹೊಟ್ಟೆಗೆ ಔಷಧಿ ಅಂತಲೇ. ಈಗ ತಯಾರಾಗುವುದು ಟ್ರಿನಿಡಾಡ್‌ನಲ್ಲಿ, ಆಲ್ಕೋಹಾಲ್ 44.7%. ಅದರಲ್ಲಿ ಆಲ್ಕೋಹಾಲ್‌ಗೆ ಮೂರು ಕೆಲಸ: ಬೇರಿನಿಂದ ಕಹಿ ಎಳೆಯುವುದು, ಕೆಡದಂತೆ ಕಾಯುವುದು, ವಾಸನೆಯನ್ನು ಮೂಗಿಗೆ ಎತ್ತಿ ಕೊಡುವುದು. ಆಲ್ಕೋಹಾಲ್ ಬದಲು ನಾನು ಹಿಡಿದದ್ದು ಗ್ಲಿಸರಿನ್ ಎಂಬ ಸಿಹಿಯಾದ ಗಟ್ಟಿ ದ್ರವ. ಮೊದಲ ಎರಡನ್ನು ಅದು ಮಾಡುತ್ತದೆ, ನಿಧಾನವಾಗಿ. ಮೂರನೆಯದು ಅದರ ಕೈಲಿ ಆಗುವುದಿಲ್ಲ. ಇದು ಅರ್ಥವಾಗಲು ನನಗೆ ಐದಾರು ಬಾಟಲಿ ಹಾಳಾಗಬೇಕಾಯಿತು.

ಗ್ಲಿಸರಿನ್ ಬಗ್ಗೆ ಒಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ. ಚರ್ಮಕ್ಕೆ ಹಚ್ಚುವ ಬಾಟಲಿ ಬೇಡ, ಸಾಬೂನು ಮಾಡುವವರ ಹತ್ತಿರ ಲೂಸ್ ಆಗಿ ಸಿಗುವುದಂತೂ ಬೇಡವೇ ಬೇಡ. 1986ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಗ್ಲಿಸರಿನ್ ಕುಡಿಸಿ 14 ಜನ ಸತ್ತರು. ನಾನು ತರಿಸುವುದು ಸೀಲ್ ಇರುವ, ಆಹಾರಕ್ಕೆ ಬಳಸುವ ಗ್ಲಿಸರಿನ್. ಆಹಾರದ ಲೇಬಲ್‌ಗಳಲ್ಲಿ ಇದಕ್ಕೆ ಐಎನ್‌ಎಸ್ 422 ಎಂಬ ನಂಬರ್ ಇದೆ.

ಇನ್ನು ಕಹಿ. ವಿದೇಶಿ ಬಿಟರ್ಸ್‌ಗಳಲ್ಲಿ ಜೆನ್ಷನ್ ಎಂಬ ಬೇರು ಇರುತ್ತದೆ, ನಮ್ಮ ಪೇಟೆಯಲ್ಲಿ ಅದನ್ನು ಎಲ್ಲಿ ಹುಡುಕುವುದು? ಮೊದಲು ಬೇವಿನ ಎಲೆ ಹಾಕಿ ನೋಡಿದೆ. ಕಹಿ ಬಂತು, ಜತೆಗೆ ಒಂದು ಥರ ಹಸಿ ವಾಸನೆಯೂ ಬಂತು. ಹಾಗಲಕಾಯಿ ಒಣಗಿಸಿ ಹಾಕಿದೆ, ಪಲ್ಯದ ನೆನಪು ಬಿಟ್ಟರೆ ಬೇರೇನೂ ಇಲ್ಲ. ಕೊನೆಗೆ ಗ್ರಂಧಿಗೆ ಅಂಗಡಿಯವರು ಕಿರಾತಕಡ್ಡಿ ಕೊಟ್ಟರು. ಹಿಮಾಲಯದ ಚಿರಾಯತ ಗಿಡ ಇದು, ಜೆನ್ಷನ್‌ನ ಕುಟುಂಬದ್ದೇ. ನಾಲಿಗೆ ಮೇಲೆ ಒಂದು ಚೂರು ಇಟ್ಟುಕೊಂಡಾಗಲೇ ಗೊತ್ತಾಯಿತು, ಇದೇ ಅದು ಅಂತ. ಕೇಳಿ ತಗೊಳ್ಳಿ, ಕೆಲವು ಅಂಗಡಿಗಳಲ್ಲಿ ಈ ಹೆಸರಿಗೆ ನೆಲಬೇವು ಕೊಡುತ್ತಾರೆ. ಅದು ಬೇರೆ ಗಿಡ, ಕಹಿ ಇನ್ನೂ ಒರಟು.

ಖುಷಿಯಲ್ಲಿ ಮೊದಲ ಬಾಟಲಿ ಅಮ್ಮನಿಗೆ ಮೂಸಲು ಕೊಟ್ಟೆ. ‘ಲೋ, ಇದು ಜ್ವರದ ಕಷಾಯ ಅಲ್ವೇನೋ!’ ಎಂದರು. ಅಲ್ಲಿಗೆ ಮುಗಿಯಿತು. ಐವತ್ತು ದಾಟಿದ ಯಾರಿಗೆ ಕೊಟ್ಟರೂ ಅದೇ ಮಾತು. ಚಿಕ್ಕವರಿದ್ದಾಗ ಮೂಗು ಹಿಡಿದು ಕುಡಿಸಿದ್ದು ನೆನಪಾಗುತ್ತದಂತೆ. ಮದುವೆ ಮನೆಯಲ್ಲಿ ಜ್ವರ ನೆನಪಿಸುವ ಡ್ರಿಂಕ್ ಯಾರಿಗೆ ಬೇಕು? ಆಮೇಲಿನ ಮೂರು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ, ಕಹಿ ಉಳಿಸಿಕೊಂಡು ಕಷಾಯವನ್ನು ಮರೆಸುವುದು.

ಈಗ ಒಂದು ಸಲಕ್ಕೆ ಮಾಡುವ ಅಳತೆ ಹೇಳುತ್ತೇನೆ. ಗ್ಲಿಸರಿನ್ 200 ಮಿಲಿ, ಕುದಿಸಿ ಆರಿಸಿದ ನೀರು 60 ಮಿಲಿ. ಕಿರಾತಕಡ್ಡಿ 4 ಗ್ರಾಂ, ಒಣಗಿಸಿದ ಕಿತ್ತಳೆ ಸಿಪ್ಪೆ 15 ಗ್ರಾಂ, ಹುರಿದ ಕಾಫಿ ಬೀಜ ಒಂದು ಚಮಚ, ಏಲಕ್ಕಿ ನಾಲ್ಕು, ಬೆರಳುದ್ದ ಚಕ್ಕೆ, ಲವಂಗ ಎರಡೇ ಎರಡು. ಲವಂಗ ಐದು ಹಾಕಿದ ಸಲ ಇಡೀ ಬಾಟಲಿ ಹಲ್ಲಿನ ಡಾಕ್ಟರ ಕ್ಲಿನಿಕ್ ಥರ ನಾತ ಹೊಡೆಯಿತು. ಜ್ವರದ ನೆನಪನ್ನು ಓಡಿಸಿದ್ದು ಕಾಫಿ ಬೀಜ. ಯಾಕೆ ಅಂತ ಕೇಳಬೇಡಿ, ಹಾಕಿ ನೋಡಿ.

ಎಲ್ಲವನ್ನೂ ಜಜ್ಜಿ ಗಾಜಿನ ಜಾಡಿಗೆ ಹಾಕಿ, ಜಾಡಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಾಲ್ಕು ಗಂಟೆ ಇಡುತ್ತೇನೆ. ನೀರು ಕುದಿಯಬಾರದು, 60 ಡಿಗ್ರಿ ಸಾಕು. ಆಮೇಲೆ ಮುಚ್ಚಿ ಎರಡು ವಾರ ಕತ್ತಲಲ್ಲಿ, ದಿನಾ ಒಮ್ಮೆ ಅಲ್ಲಾಡಿಸುವುದು. ಸೋಸುವುದೇ ದೊಡ್ಡ ತಲೆನೋವು. ತಣ್ಣಗಿದ್ದರೆ ಜೇನುತುಪ್ಪದ ಹಾಗೆ ಬಟ್ಟೆಯಲ್ಲೇ ಕೂತುಬಿಡುತ್ತದೆ. ಮತ್ತೆ ಸ್ವಲ್ಪ ಬಿಸಿ ಮಾಡಿ ಹಳೇ ಪಂಚೆ ಬಟ್ಟೆಯಲ್ಲಿ ಹಿಂಡಬೇಕು.

ನೀರು ಜಾಸ್ತಿ ಹಾಕಿದರೆ ಉಳಿತಾಯ ಅಂತ ಒಮ್ಮೆ ಅರ್ಧಕ್ಕರ್ಧ ನೀರು ಬೆರೆಸಿ, ಮೇಲೆ ಹಸಿ ಶುಂಠಿಯನ್ನೂ ಹಾಕಿದ್ದೆ. ಮೂರು ವಾರಕ್ಕೆ ಬೂಸ್ಟು ಬಂತು. ಗ್ಲಿಸರಿನ್ ಕಾಯುವುದು ಅದು ಗಟ್ಟಿಯಾಗಿ ಇದ್ದಾಗ ಮಾತ್ರ. ಹಸಿ ಸಾಮಾನಿನಲ್ಲಿ ನೀರು ಇದ್ದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಗ ಒಣ ಸಾಮಾನು ಬಿಟ್ಟು ಬೇರೇನೂ ಹಾಕುವುದಿಲ್ಲ, ಬಾಟಲಿಯನ್ನು ಫ್ರಿಜ್‌ನಲ್ಲೇ ಇಡುತ್ತೇನೆ.

ಬಳಸುವಾಗ ಹಳೇ ಬಾರ್ ಅಭ್ಯಾಸ ಕೈಕೊಡುತ್ತದೆ. ಎರಡು ಡ್ಯಾಶ್ ಹಾಕಿದರೆ ಏನೂ ಗೊತ್ತಾಗುವುದಿಲ್ಲ, ನಾಲ್ಕೈದು ಬೇಕು. ಗ್ಲಿಸರಿನ್ ತಾನೇ ಸಿಹಿ, ಹಾಗಾಗಿ ಸಕ್ಕರೆ ಪಾಕವನ್ನು ಕಡಿಮೆ ಮಾಡಬೇಕು. ಇದು ನೀರಿಗಿಂತ ಭಾರ, ಹಾಕಿದ ಕೂಡಲೇ ತಳಕ್ಕೆ ಇಳಿಯುತ್ತದೆ. ಮೊದಲ ಗುಟುಕು ಸಪ್ಪೆ, ಕೊನೆಯ ಗುಟುಕಿಗೆ ಮುಖ ಕಿವುಚಿಕೊಳ್ಳುವಷ್ಟು ಕಹಿ. ಅದಕ್ಕೇ ಬಿಟರ್ಸ್ ಅನ್ನು ಮೊದಲು ನಿಂಬೆರಸದಲ್ಲಿ ಕಲಸಿ, ಆಮೇಲೆ ಐಸ್, ಕೊನೆಗೆ ಸೋಡಾ.

ವಾಸನೆಯ ವಿಷಯಕ್ಕೆ ಬರುತ್ತೇನೆ. ಕಿತ್ತಳೆ ಸಿಪ್ಪೆಯ ಘಮ ಇರುವುದು ಅದರ ಎಣ್ಣೆಯಲ್ಲಿ. ಆ ಎಣ್ಣೆ ಗ್ಲಿಸರಿನ್‌ನಲ್ಲಿ ಸರಿಯಾಗಿ ಕರಗುವುದಿಲ್ಲ. ಎಷ್ಟು ಸಿಪ್ಪೆ ತುಂಬಿಸಿದರೂ ಬಾಟಲಿಗೆ ಬರುವುದು ಸಿಪ್ಪೆಯ ಕಹಿ, ಘಮ ಅಲ್ಲ. ಇದನ್ನು ಒಪ್ಪಿಕೊಂಡ ಮೇಲೆ ಕೆಲಸ ಸುಲಭವಾಯಿತು. ಕಹಿಯನ್ನು ಬಾಟಲಿಯಿಂದ ತಗೋ, ಘಮವನ್ನು ಲೋಟದ ಮೇಲೆ ಕೊಡು. ಕೊಡುವ ಮುಂಚೆ ಹಸಿ ಕಿತ್ತಳೆ ಅಥವಾ ನಿಂಬೆ ಸಿಪ್ಪೆಯ ಚೂರನ್ನು ಲೋಟದ ಮೇಲೆ ಹಿಡಿದು ಚಿವುಟಿದರೆ ಎಣ್ಣೆ ತುಂತುರಾಗಿ ಬೀಳುತ್ತದೆ. ಹೆರಳೆಕಾಯಿ ಸಿಕ್ಕಿದರೆ ಇನ್ನೂ ಚೆನ್ನ.

ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ್ದು ಬೆಂಗಳೂರು ಬ್ಲೂ ದ್ರಾಕ್ಷಿ. ವರ್ಷಕ್ಕೆ ಎರಡು ಬೆಳೆ ಬರುತ್ತದೆ, ತೋಟದವರು ಪರಿಚಯ ಇದ್ದರೆ ಬಾಕ್ಸ್ ಮನೆಗೇ ಬರುತ್ತದೆ. ಸಿಪ್ಪೆ ಸಮೇತ ಕಿವುಚಿ ಸೋಸಿದ ರಸ 90 ಮಿಲಿ, ನಿಂಬೆರಸ 10 ಮಿಲಿ, ಬಿಟರ್ಸ್ 4 ಮಿಲಿ, ಸೋಡಾ 60 ಮಿಲಿ, ಚಿಟಿಕೆ ಉಪ್ಪು. ಸಕ್ಕರೆ ಬೇಡ. ಆ ದ್ರಾಕ್ಷಿಗೆ ಒಂದು ಕಾಡು ಘಮ ಇದೆಯಲ್ಲ, ಕಹಿ ಅದನ್ನು ಹಿಡಿದು ನಿಲ್ಲಿಸುತ್ತದೆ. ‘ಇದು ವೈನಾ?’ ಅಂತ ಮೆಲ್ಲಗೆ ಕೇಳುವವರು ಪ್ರತಿ ಮದುವೆಯಲ್ಲೂ ಇರುತ್ತಾರೆ.

ಎರಡನೆಯದು ಕಾಫಿ. ಫಿಲ್ಟರ್ ಡಿಕಾಕ್ಷನ್ 30 ಮಿಲಿ, ಬಿಟರ್ಸ್ 2 ಮಿಲಿ, ಟಾನಿಕ್ ವಾಟರ್ 120 ಮಿಲಿ. ಲೋಟಕ್ಕೆ ಮೊದಲು ಐಸ್ ಮತ್ತು ಟಾನಿಕ್, ಡಿಕಾಕ್ಷನ್ ಮೇಲಿಂದ ನಿಧಾನವಾಗಿ. ಅವಸರ ಮಾಡಿದರೆ ನೊರೆ ಉಕ್ಕಿ ಮೇಜೆಲ್ಲಾ ರಂಪ. ಟಾನಿಕ್‌ನಲ್ಲಿ ಕ್ವಿನೈನ್ ಕಹಿ ಮೊದಲೇ ಇರುತ್ತದೆ, ಹಾಗಾಗಿ ಬಿಟರ್ಸ್ ಕಮ್ಮಿ. ಓಲ್ಡ್ ಫ್ಯಾಶನ್ಡ್ ಎಂಬ ಕಾಕ್‌ಟೇಲ್ ಅನ್ನು ವಿಸ್ಕಿ ಇಲ್ಲದೆ ಮಾಡುವ ಆಸೆಯೂ ಇತ್ತು. ಗಟ್ಟಿ ಟೀ ಡಿಕಾಕ್ಷನ್, ಬೆಲ್ಲ, ಬಿಟರ್ಸ್ ಅಂತ ನಾಲ್ಕು ಸಲ ಮಾಡಿದೆ. ಬಂದದ್ದು ತಣ್ಣಗಾದ ಬೆಲ್ಲದ ಟೀ. ಕೈ ಬಿಟ್ಟೆ.

ಬಸುರಿಯರಿಗೆ ಕಿರಾತಕಡ್ಡಿ ಇರುವುದನ್ನು ಕೊಡುವುದಿಲ್ಲ. ಅವರಿಗೆ ಅಂತಲೇ ಕಿತ್ತಳೆ ಸಿಪ್ಪೆ, ಏಲಕ್ಕಿ ಮಾತ್ರ ಹಾಕಿದ ಇನ್ನೊಂದು ಬಾಟಲಿ ಇರುತ್ತದೆ, ಹಸಿರು ಮುಚ್ಚಳದ್ದು. ಶುಗರ್ ಇರುವವರು ಬಿಟರ್ಸ್ ಬಗ್ಗೆ ಕೇಳುತ್ತಾರೆ. ನಾಲ್ಕು ಮಿಲಿ ಗ್ಲಿಸರಿನ್‌ಗಿಂತ ಲೋಟದಲ್ಲಿರುವ ದ್ರಾಕ್ಷಿ ರಸದ ಬಗ್ಗೆ ಯೋಚನೆ ಮಾಡಿ ಅನ್ನುತ್ತೇನೆ, ಅವರಿಗೆ ನಿಂಬೆ ಸೋಡಾ ಮಾಡಿಕೊಡುತ್ತೇನೆ.

ಬಾಟಲಿ ಮೇಲೆ ಈಗ ಕನ್ನಡದಲ್ಲಿ ದಪ್ಪಗೆ ಬರೆಸಿದ್ದೇನೆ: ‘ಆಲ್ಕೋಹಾಲ್ ಇಲ್ಲ’. ಕೆಳಗೆ ಏನೇನು ಹಾಕಿದೆ ಅನ್ನುವುದೂ ಇದೆ. ಡ್ಯಾಶ್ ಬಾಟಲಿಯ ಸಣ್ಣ ತೂತಿನಿಂದ ಈ ಗಟ್ಟಿ ರಸ ಸರಿಯಾಗಿ ಇಳಿಯುವುದಿಲ್ಲ. ಒಮ್ಮೆ ಒಂದು ಹನಿ, ಇನ್ನೊಮ್ಮೆ ಧಾರೆ. ಅದಕ್ಕೆ ಮೆಡಿಕಲ್ ಶಾಪ್‌ನಿಂದ ಸೂಜಿ ಇಲ್ಲದ 5 ಮಿಲಿ ಸಿರಿಂಜ್ ತಂದುಕೊಂಡಿದ್ದೇನೆ, ಅಳತೆ ಪಕ್ಕಾ. ಆದರೆ ಸಿರಿಂಜ್ ಕಂಡರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಹಾಗಾಗಿ ಆ ಕೆಲಸ ಮಾತ್ರ ಕೌಂಟರ್ ಕೆಳಗೆ.